ಕಳ್ಳರ ಕಟ್ಟೆಯ ಮೇಲೆ ಗವರ್ನರ್

ಸ್ಪೇನಿನವರು ಕಡಲಾಚೆ ಕಟ್ಟಿದ ಊರೊಂದರ ಚೌಕ. ನಟ್ಟನಡುವೆ ಕಲ್ಲುಕಟ್ಟೆ. ಸಿಕ್ಕಿಬಿದ್ದ ಕಳ್ಳರನ್ನು ಅದರ ಮೇಲೆ ನಿಲ್ಲಿಸುವುದು, ಸಂತೆಯವರು ಕೊಳೆತ ಟೊಮೆಟೊ ಎಸೆಯುವುದು ಅಲ್ಲಿನ ಹಳೇ ವಾಡಿಕೆ.

ಹೊಸದಾಗಿ ಬಂದ ಗವರ್ನರನಿಗೆ ಇದೆಲ್ಲ ಏನು ಗೊತ್ತು? ಎತ್ತರದ ಜಾಗ ಅಂತ ತನ್ನ ಪ್ರತಿಮೆಯನ್ನು ಅಲ್ಲೇ ನಿಲ್ಲಿಸಿದ. ವ್ಯಾಪಾರದವರೆಲ್ಲ ದಿನಾ ಬುಟ್ಟಿಯಿಂದ ಏನಾದರೂ ಅದಕ್ಕೆ ಅರ್ಪಿಸಬೇಕು ಅಂತ ಡಂಗುರ ಹೊಡೆಸಿದ.

ಮರುದಿನ ತರಕಾರಿ ಮಾರುವ ಮುದುಕಿ ಕೊಳೆತ ಟೊಮೆಟೊ ಎಸೆದಳು. ಅದು ಪ್ರತಿಮೆಯ ಮೂಗಿಗೇ ಬಡಿಯಿತು.

ಗವರ್ನರ್ ಕೆಂಡಾಮಂಡಲವಾದ. "ಏನೇ ಇದು?"

"ಅರ್ಪಣೆ, ದೊರೆ. ಈ ಕಟ್ಟೆ ಮೇಲೆ ನಿಂತವರಿಗೆ ನಾವು ಕೊಡೋದು ಇದನ್ನೇ."

"ನಿನ್ನನ್ನೂ ಅಲ್ಲೇ ನಿಲ್ಲಿಸ್ತೀನಿ!"

"ಧಾರಾಳವಾಗಿ ನಿಲ್ಲಿಸಿ. ಏನು ಕದ್ದೆ ಅಂತ ಜನ ಕೇಳ್ತಾರೆ. ಏನೂ ಇಲ್ಲ ಅಂತೀನಿ. ಪಕ್ಕದಲ್ಲಿರೋ ನೀವೇನು ಹೇಳ್ತೀರೋ, ಈಗಲೇ ಯೋಚನೆ ಮಾಡಿಟ್ಟುಕೊಳ್ಳಿ."