ಹಿಂಬದಿ ನೋಡಿ ಕೊಂಡ ಯಂತ್ರ

"ಅಜ್ಜಾರ, ಹನ್ನೊಂದು ಲ್ಯಾಪ್‌ಟಾಪ್ ನೋಡಿ ಬಂದೀನ್ರಿ. ಎಲ್ಲಾವೂ ಹಗುರ, ಎಲ್ಲಾವೂ ಮಡಚತಾವ, ಎಲ್ಲಾವೂ ಬೆರಳು ಮುಟ್ಟಿದ್ರ ಕೆಲಸಾ ಮಾಡತಾವ. ಅದರಾಗ ಯೋಗ್ಯ ಯಾವುದಂತ ಹ್ಯಾಂಗ ಆರಸೂದ್ರಿ?" ಎಂದು ಶಿಷ್ಯ ಮಠದ ಗುರುಗಳನ್ನು ಕೇಳಿದ.

ಶಿಷ್ಯನ ಹೆಸರು ಅಡಿವೆಯ್ಯ. ಮಠದ ಶಾಲೆಯ ನೀಲಗಂಗಮ್ಮ ಅಕ್ಕೋರು ದಿನವೂ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಮೂರು ಊರಿಗೆ ನಡೆದು ಹೋಗಿ ಪಾಠ ಹೇಳುತ್ತಿದ್ದರು. ಅವರಿಗೊಂದು ಲ್ಯಾಪ್‌ಟಾಪ್ ತರುವ ಕೆಲಸವನ್ನು ಗುರುಗಳು ಅಡಿವೆಯ್ಯನಿಗೆ ವಹಿಸಿ ಎರಡು ತಿಂಗಳಾಗಿತ್ತು. ಅವನು ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಿ ತೂಕ, ವೇಗ, ಬ್ಯಾಟರಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಂದಿದ್ದ. ಬರೆದಷ್ಟೂ ತಲೆ ಕೆಟ್ಟಿತ್ತು. ತಪ್ಪು ಯಂತ್ರ ತಂದು ಗುರುಗಳ ಮುಂದೆ ಸಣ್ಣವನಾದೇನೆಂಬ ಭಯ ಬೇರೆ.

ಗುರುಗಳು ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. "ಭಾಳ ಕಷ್ಟಪಟ್ಟೀಯಪಾ" ಎಂದರು. ಮೆಚ್ಚಿ ಹೇಳಿದರೋ ಚೇಷ್ಟೆ ಮಾಡಿದರೋ ಶಿಷ್ಯನಿಗೆ ತಿಳಿಯಲಿಲ್ಲ. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಸೂತಿಯವಳಿದ್ದಳು. ಅವಳಿಗೆ ಕಸೂತಿ ಕಲಿಸಿದವಳು ಒಬ್ಬ ಮುದುಕಿ. ಅಂಬಾರಿ ಹೊತ್ತ ಒಂದು ಆನೆಯನ್ನು ಬಟ್ಟೆಯ ಮೇಲೆ ಮೂಡಿಸುವುದು ಆ ಮುದುಕಿಗೆ ಮಾತ್ರ ಬರುತ್ತಿತ್ತು. ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸುತ್ತ ಸೂಜಿ ಹೋಗಬೇಕು. ಬಿಟ್ಟ ಜಾಗ ತುಂಬುತ್ತ ಹೋದ ದಾರಿಯಲ್ಲೇ ಮರಳಬೇಕು. ಎಲ್ಲಿಯೂ ಗಂಟು ಬೀಳಬಾರದು. ಹಿಂಬದಿಯೂ ಮುಂಬದಿಯಂತೆಯೇ ಇರಬೇಕು. ಮುಗಿದ ಆನೆಯನ್ನು ಯಾರು ಬೇಕಾದರೂ ಕಣ್ತುಂಬ ನೋಡಬಹುದು. ಆದರೆ ಸೂಜಿ ಯಾವ ದಾರಿ ಹಿಡಿದು ಹೋಗಿ ಬಂತು ಎಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ.

ಮುದುಕಿ ಹಾಸಿಗೆ ಹಿಡಿದಳು. ಕೈ ನಡುಗತೊಡಗಿತು, ಸೂಜಿ ನಿಲ್ಲದಾಯಿತು. ಬಾಯಲ್ಲಿ ಹೇಳಹೋದರೆ ಆನೆಯ ಸೊಂಡಿಲಿಗೆ ಬರುವಷ್ಟರಲ್ಲಿ ಎಣಿಕೆ ತಪ್ಪುತ್ತಿತ್ತು. "ನನ್ನ ಸಂಗಾಟ ಈ ಆನೀನೂ ಹೋಗತೈತಿ" ಎಂದು ಅವಳು ಅತ್ತಳು. ಕಸೂತಿಯವಳಿಗೆ ಅದನ್ನು ನೋಡಲಾಗಲಿಲ್ಲ. ಬೆರಳಿನಿಂದ ಗೆರೆ ಎಳೆದರೆ, ಎಳೆದ ದಾರಿಯನ್ನು ಮೊದಲಿಂದ ಮತ್ತೆ ತೋರಿಸುವ ಯಂತ್ರವಿದೆ ಎಂದು ಯಾರೋ ಹೇಳಿದ್ದರು. ಅದನ್ನು ನಂಬಿ ಪೇಟೆಗೆ ಹೊರಟಳು.

ಅಂಗಡಿಯ ವ್ಯಾಪಾರಿ ಮಾತಿನಮಲ್ಲ. ಇದ್ದುದರಲ್ಲೇ ದೊಡ್ಡ ಯಂತ್ರವನ್ನು ತೆಗೆದು ಮುಂದಿಟ್ಟ. ಅದರ ವೇಗವನ್ನು ಹೊಗಳಿದ, ಹೊಳಪನ್ನು ಹೊಗಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಯಂತ್ರವನ್ನು ಬೋರಲು ಹಾಕಿ ಅದರ ಬೆನ್ನು ನೋಡತೊಡಗಿದಳು.

ವ್ಯಾಪಾರಿ ನಕ್ಕ. "ಅಕ್ಕಾರ, ಇದೇನು ಸೀರಿ ಅಲ್ರಿ, ಮಗಚಿ ನೋಡಾಕ."

"ಹಿಂಬದಿ ನೋಡಲಾರದ ನಾವು ಏನೂ ಒಪ್ಪೂದಿಲ್ಲೋ ತಮ್ಮಾ. ಈ ಒತ್ತೋ ಗುಂಡಿ ಎಲ್ಲಾ ಮಡಚಿದ್ರ ಹಿಂದಕ್ಕ ಹೋಗತಾವೇನು?"

ಅದರಲ್ಲಿ ಹೋಗುತ್ತಿರಲಿಲ್ಲ. ವ್ಯಾಪಾರಿ ಮಡಚುವಂಥ ಮೂರನ್ನು ತೆಗೆದ. ಪರದೆಯನ್ನು ಪೂರ್ತಿ ಹಿಂದಕ್ಕೆ ಮಗುಚಿದರೆ ಕೀಬೋರ್ಡು ಅಡಿಗೆ ಹೋಗಿ, ಯಂತ್ರ ಶಾಲೆಯ ಮಕ್ಕಳು ಬರೆಯುವ ಪಾಟಿಯಂತಾಗುತ್ತಿತ್ತು. ಅವಳು ಪರದೆಯ ಮೇಲೆ ಒಂದು ಗೆರೆ ಎಳೆದು, ಹಿಂದಿನ ಗುಂಡಿಗಳನ್ನು ಬೇಕೆಂದೇ ಒತ್ತಿ ನೋಡಿದಳು. ಮುಂದಿನ ಗೆರೆ ಕೆಡಲಿಲ್ಲ. "ಹಿಂದ ಗಂಟಿಲ್ಲ" ಎಂದು ಅವಳ ಮುಖ ಅರಳಿತು.

ಆಮೇಲೆ ಅವಳು ಮಾಡಿದ್ದನ್ನು ಆ ಅಂಗಡಿ ಹುಟ್ಟಿದಾಗಿನಿಂದ ಯಾರೂ ಮಾಡಿರಲಿಲ್ಲ. ಸೆರಗು ಬಿಗಿದು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಅಂಗಾತ ಮಲಗಿ, ಯಂತ್ರವನ್ನು ಎದೆಯ ಮೇಲಿಟ್ಟುಕೊಂಡಳು. ಮುದುಕಿ ಮಲಗುತ್ತಿದ್ದುದು ಹಾಗೆ. ಒಂದೊಂದನ್ನೂ ಇಟ್ಟುಕೊಂಡು ನೂರು ಎಣಿಸಿದಳು. ಮೊದಲನೆಯದು ಮೂವತ್ತಕ್ಕೇ ಉಸಿರಿಗೆ ಭಾರವಾಯಿತು. ಎರಡನೆಯದು ಹಗುರವಿತ್ತು. ಆದರೆ ಮುದುಕಿಯ ಕೈಯಂತೆ ತನ್ನ ಕೈಯನ್ನೂ ನಡುಗಿಸುತ್ತ ಅವಳು ಎಳೆದಾಗ ಗೆರೆ ತುಂಡುತುಂಡಾಯಿತು. ಮೂರನೆಯದನ್ನು ವ್ಯಾಪಾರಿ ಹೊಗಳಿಯೇ ಇರಲಿಲ್ಲ. ನೂರು ಎಣಿಸಿದ ಮೇಲೂ ಅದು ಎದೆಗೆ ಹೊರೆಯಾಗಲಿಲ್ಲ. ನಡುಗುವ ಬೆರಳಿನ ಹಿಂದೆ ಗೆರೆ ತಾಳ್ಮೆಯಿಂದ ಬಂತು, ಎಲ್ಲಿಯೂ ಕೈಬಿಡಲಿಲ್ಲ. ಅವಳು ಅದನ್ನೇ ಕೊಂಡಳು.

ನಗಲೆಂದು ಸುತ್ತ ಸೇರಿದ್ದ ಗಿರಾಕಿಗಳು ಅಷ್ಟರಲ್ಲಿ ನಗುವುದನ್ನು ಮರೆತಿದ್ದರು. ಅವಳು ಹೊರಟಾಗ ವ್ಯಾಪಾರಿ ಅಂಗಡಿಯ ಮೆಟ್ಟಿಲಿಳಿದು ಬಂದು ಕೈಮುಗಿದ. ದಿನವೂ ತನ್ನ ಕೈಯಲ್ಲೇ ಆಡುವ ಸಾಮಾನನ್ನು ಅವನು ಅವತ್ತು ಮೊದಲ ಸಲ ಸರಿಯಾಗಿ ನೋಡಿದ್ದ.

ಮುದುಕಿ ಎಂಟು ದಿನ ಬೆರಳಾಡಿಸಿದಳು. ಕೆಲವು ದಿನ ಆನೆಯ ಒಂದು ಕಾಲು ಬರೆಯುವಷ್ಟರಲ್ಲಿ ದಣಿದು ಮಲಗುತ್ತಿದ್ದಳು. ತಪ್ಪಿದ್ದನ್ನು ಅಳಿಸಿ ಮತ್ತೆ ಎಳೆಯುತ್ತಿದ್ದಳು. ಎಂಟನೆಯ ದಿನ ಗೆರೆ ಇಡೀ ಆನೆಯನ್ನು ಸುತ್ತಿ, ಅಂಬಾರಿ ಹತ್ತಿ ಇಳಿದು, ಹೊರಟ ಜಾಗಕ್ಕೇ ಬಂದು ಸೇರಿತು. ಕಸೂತಿಯವಳು ಆ ದಾರಿಯನ್ನೇ ಹಿಡಿದು ಬಟ್ಟೆಯ ಮೇಲೆ ಆನೆಯನ್ನು ಮೂಡಿಸಿ ತಂದಳು. ಮುದುಕಿ ಮುಂಬದಿಯನ್ನು ನೋಡಲೇ ಇಲ್ಲ. ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ತಡವಿದಳು. ಗಂಟು ಸಿಗಲಿಲ್ಲ. "ಇನ್ನ ನಾ ಹೋದ್ರೂ ನಡದೀತು" ಎಂದು ಶಿಷ್ಯೆಯ ಕೆನ್ನೆ ಸವರಿದಳು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯನ ಕಣ್ಣು ಒದ್ದೆಯಾಗಿತ್ತು. ಎಂಥ ಹೆಣ್ಣುಮಗಳು, ಎಂಥ ಬುದ್ಧಿ ಎಂದು ಅವನಿಗೆ ಮನಸ್ಸು ತುಂಬಿ ಬಂದಿತ್ತು. ಆದರೂ ಎರಡು ತಿಂಗಳ ಚಟ ಅಷ್ಟು ಬೇಗ ಎಲ್ಲಿ ಬಿಟ್ಟೀತು?

"ಅಜ್ಜಾರ, ಆ ಮೂರನೇದು ಯಾವ ಕಂಪನೀದ್ರಿ? ಅಕ್ಕೋರಿಗೂ ಅದನ್ನ ತಂದುಬಿಡತೀನಿ" ಎಂದ.

"ನೀಲಗಂಗಮ್ಮ ಅಕ್ಕೋರಿಗೆ ಯಾವ ಹೆಗಲು ನೋಯತೈತಿ, ಹೇಳಪಾ?" ಎಂದರು ಗುರುಗಳು.

ಅಡಿವೆಯ್ಯನಿಗೆ ಗೊತ್ತಿರಲಿಲ್ಲ.