ಗೋಲು ಹೊಡೆಯದ ಕಾಡುಹಂದಿ

ದೂರದ ಜರ್ಮನಿ ದೇಶದ ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಫುಟ್‌ಬಾಲ್ ಹುಚ್ಚು. ಊಟ ತಪ್ಪಿದರೂ ಸರಿ, ಆಟ ತಪ್ಪಬಾರದು. ಅಲ್ಲಿ ಓಕ್ ಮರಗಳ ನಡುವೆ ಹಸಿರು ಹುಲ್ಲಿನ ಮೈದಾನವಿತ್ತು. ಅದು ಓಕ್ ತಂಡದ್ದು. ಆ ತಂಡದ ಡಿಫೆಂಡರ್ ಎಗಾನ್ ಎಂಬ ಕಾಡುಹಂದಿ. ಗೋಲಿನ ಮುಂದೆ ನಿಲ್ಲುವುದು, ಬಂದ ಚೆಂಡನ್ನು ಆಚೆ ಅಟ್ಟುವುದು, ಇಷ್ಟೇ ಅವನ ಕೆಲಸ.

ಮರಿಯಾಗಿದ್ದಾಗ ಎಗಾನ್ ಚೆಂಡು ಒದೆಯಲು ಹೋಗಿ ತಾನೇ ಉರುಳುತ್ತಿದ್ದ. ಪೈನ್ ತಂಡದವರು ಅವನನ್ನು ನೋಡಿ ನಕ್ಕು ಕಳಿಸಿದರು. ನದಿ ತಂಡದವರು ಕರೆದುಕೊಂಡರು, ಆದರೆ ಕಾಲು ಉಳುಕಿದ ಕೂಡಲೇ ಕೈಬಿಟ್ಟರು. ಓಕ್ ತಂಡದ ಗೋಲು ಕಾಯುವ ಹೆಡ್ವಿಗ್ ಎಂಬ ನೀರುನಾಯಿ ಮಾತ್ರ, "ಬಾರಪ್ಪ, ನನ್ನ ಮುಂದೆ ನಿಂತ್ಕೋ" ಅಂದಳು. ಅಂದು ನಿಂತವನು ಇನ್ನೂ ನಿಂತೇ ಇದ್ದ. ಈಗ ಅವನ ಮೀಸೆ ನರೆತಿತ್ತು. ಇನ್ನು ಉಳಿದದ್ದು ಅವನ ಕೊನೆಯ ಪಂದ್ಯ ಮಾತ್ರ.

ಅದೇನು ಸಾಮಾನ್ಯ ಪಂದ್ಯವಲ್ಲ. ಓಕ್ ಮತ್ತು ಪೈನ್ ತಂಡಗಳಲ್ಲಿ ಸೋತವರು ಮುಂದಿನ ವರ್ಷ ಕೆಸರು ಮೈದಾನಕ್ಕೆ ಹೋಗಬೇಕು. ನಿಜ ಹೇಳಬೇಕೆಂದರೆ ಕೆಸರೆಂದರೆ ಎಗಾನ್‌ಗೆ ಪ್ರಾಣ. ಆದರೆ ತನ್ನನ್ನು ನಂಬಿದ ಹೆಡ್ವಿಗಕ್ಕ ಅಲ್ಲಿ ಹೂತುಕೊಂಡು ಆಡುವುದು ಅವನಿಗೆ ಬೇಡವಾಗಿತ್ತು.

ಪಂದ್ಯದ ಹಿಂದಿನ ಸಂಜೆ ಎಗಾನ್ ಬಳಿಗೆ ರೋಲ್ಫ್ ಎಂಬ ನರಿ ಬಂದ. ಅವನು ಪೈನ್ ತಂಡದ ಗೋಲು ಹೊಡೆಯುವ ಆಟಗಾರ. ಅವನಿಗೆ ತನ್ನ ಬಾಲದ ಮೇಲೆ ವಿಪರೀತ ಮೋಹ, ಒಂದು ಚೂರು ಧೂಳು ತಾಗಿದರೂ ಒರೆಸಿಕೊಳ್ಳುತ್ತಿದ್ದ.

"ಎಗಾನಣ್ಣ, ನಿನ್ನನ್ನ ನೋಡಿದ್ರೆ ಪಾಪ ಅನ್ಸುತ್ತೆ" ಅಂದ ನರಿ.

"ಯಾಕಪ್ಪ? ಚೆನ್ನಾಗೇ ಇದ್ದೀನಲ್ಲ."

"ಇಷ್ಟು ವರ್ಷ ಆಡ್ದೆ. ಅಳಿಲುಗಳು ಗೋಲು ಹೊಡೆದವರ ಮೇಲೆಲ್ಲ ಹಾಡು ಕಟ್ಟಿವೆ. ನಿನ್ನ ಮೇಲೆ ಒಂದಾದ್ರೂ ಇದೆಯಾ? ನಾಳೆ ಸುಮ್ನೆ ಹಿಂದೆ ನಿಲ್ಬೇಡ, ಮುಂದೆ ಬಾ. ಒಂದು ಗೋಲು ಹೊಡಿ, ಹೆಸರು ಉಳಿಯುತ್ತೆ."

ನರಿಗೆ ಹಂದಿಯ ಹೆಸರಿನ ಚಿಂತೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಎಗಾನ್ ಕೇಳಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದಾಗ ಯಾರಿಗೂ ಅದು ಹೊಳೆಯುವುದಿಲ್ಲ.

ಮಾರನೆಯ ದಿನ ಕಾಡಿಗೆ ಕಾಡೇ ನೆರೆಯಿತು. ತೀರ್ಪುಗಾರ ಕೊಕ್ಕರೆ ಕೊಕ್ಕು ಕಟಕಟ ಬಡಿದು ಆಟ ಶುರು ಮಾಡಿತು. ಎಗಾನ್ ತಡೆಯಲಾರದೆ ಜಾಗ ಬಿಟ್ಟು ಎದುರು ಗೋಲಿನತ್ತ ಓಡಿದ. ಒದೆದ ಚೆಂಡು ಮರ ಹತ್ತಿತು. ಮರುಗಳಿಗೆಯಲ್ಲೇ ನರಿ ಆ ಖಾಲಿ ಜಾಗದಲ್ಲಿ ನುಗ್ಗಿ ಗೋಲು ಹೊಡೆದ.

ಎಗಾನ್ ಏದುಸಿರು ಬಿಡುತ್ತಾ ಹಿಂದೆ ಬಂದ. ಹೆಡ್ವಿಗ್ ಬೈಯಲಿಲ್ಲ. "ನೀನು ಬಿಟ್ಟುಹೋದ ಜಾಗ ತುಂಬೋಕೆ ನನ್ನಿಂದ ಆಗಲ್ಲ ಕಣೋ" ಅಂದಳು. ಎಗಾನ್‌ಗೆ ನಾಚಿಕೆಯಾಯಿತು. ಆಮೇಲೆ ಅವನು ಬಂಡೆಯ ಹಾಗೆ ನಿಂತ. ಅಷ್ಟರಲ್ಲಿ ಓಕ್ ತಂಡದ ಮೊಲವೂ ಒಂದು ಗೋಲು ಹೊಡೆದು ಲೆಕ್ಕ ಸಮ ಮಾಡಿತು.

ಆಟ ಮುಗಿಯಲು ಬಂತು. ನರಿ ಎಗಾನ್ ಪಕ್ಕಕ್ಕೆ ಬಂದು ಮತ್ತೆ ಪಿಸುಗುಟ್ಟಿದ, "ಅಣ್ಣ, ಇದೇ ಕೊನೇ ಅವಕಾಶ. ಮುಂದೆ ಬಾ."

ಎಗಾನ್ ಈಗ ಅವನ ಕಾಲು ನೋಡಿದ. ನರಿ ಎಗಾನ್‌ಗಿಂತ ಕೂದಲೆಳೆಯಷ್ಟು ಮಾತ್ರ ಮೈದಾನದ ಕಡೆಗೆ ನಿಂತು, ಗೋಲಿನತ್ತ ನುಗ್ಗಲು ಕಾಯುತ್ತಿದ್ದ. ಆ ಆಟದಲ್ಲಿ ಒಂದು ನಿಯಮವಿದೆ. ಜೊತೆಗಾರ ಚೆಂಡು ಒದೆಯುವಾಗ ಎದುರು ತಂಡದ ಡಿಫೆಂಡರುಗಳನ್ನೆಲ್ಲ ದಾಟಿ ಗೋಲಿನ ಬಳಿ ನಿಂತಿರಬಾರದು. ನಿಂತರೆ ಅದು ಆಫ್‌ಸೈಡ್, ಆ ಗೋಲು ಲೆಕ್ಕಕ್ಕಿಲ್ಲ.

ಎಗಾನ್ ತನ್ನ ಪಕ್ಕ ನಿಂತಿದ್ದ ಓಕ್ ತಂಡದ ಡಿಫೆಂಡರ್ ಜಿಂಕೆಗಳಿಗೆ ಮೆಲ್ಲನೆ ಹೇಳಿದ, "ನಾನು ಗುಟುರು ಹಾಕಿದ ತಕ್ಷಣ ಎಲ್ಲರೂ ಒಂದು ಹೆಜ್ಜೆ ಮುಂದೆ."

ದೂರದಲ್ಲಿ ಪೈನ್ ತಂಡದ ತೋಳ ಚೆಂಡು ಒದೆಯಲು ಕಾಲೆತ್ತಿತು. ಎಗಾನ್ ಗುಟುರು ಹಾಕಿದ. ಎಲ್ಲರೂ ಮುಂದೆ ಬಂದರು. ಹಿಂದೆ ನರಿ ಒಬ್ಬನೇ ಉಳಿದ. ಚೆಂಡು ಸಿಕ್ಕಿದ್ದೇ ತಡ, ಗೋಲು ಹೊಡೆದು ಬಾಲ ಎತ್ತಿ ಕುಣಿದ.

ಕೊಕ್ಕರೆ ಕಟಕಟ ಅಂದಿತು. "ಆಫ್‌ಸೈಡ್. ಚೆಂಡು ಓಕ್ ತಂಡಕ್ಕೆ."

ನರಿಗೆ ಮೈಯೆಲ್ಲ ಉರಿಯಿತು. "ಮೋಸ. ಈ ಡುಮ್ಮನಿಗೆ ಮುಂದೆ ಬಾ ಅಂತ ಯಾರು ಹೇಳಿದ್ದು?"

"ನೀನೇ ಅಲ್ವೇನಪ್ಪ?" ಅಂದ ಎಗಾನ್.

ನರಿ ಕೊಕ್ಕರೆಯೊಂದಿಗೆ ಜಗಳಕ್ಕೆ ನಿಂತ. ಪೈನ್ ತಂಡದವರೆಲ್ಲ ಅವನ ಬೆನ್ನಿಗೆ ಓಡಿಬಂದರು. ಕೊಕ್ಕರೆ ಅವರನ್ನು ಅತ್ತ ಸರಿಸಿ ಆಟಕ್ಕೆ ಸನ್ನೆ ಮಾಡಿತು. ಎಗಾನ್ ತನ್ನ ಜಾಗದಿಂದಲೇ ಚೆಂಡನ್ನು ಉದ್ದಕ್ಕೆ ಒದೆದ. ಅವನ ಪಕ್ಕದಿಂದ ಚೆಂಡಿನ ಹಿಂದೆಯೇ ಓಡಿದ ಮೊಲ ಆ ಕೊನೆಯಲ್ಲಿ ಒಂದೇ ನೆಗೆತಕ್ಕೆ ಗೋಲು ಹೊಡೆಯಿತು. ಆಟ ಮುಗಿಯಿತು, ಓಕ್ ತಂಡ ಗೆದ್ದಿತು. ಅಳಿಲುಗಳು ಆಗಲೇ ಹಾಡು ಕಟ್ಟಿ ಹಾಡಿದವು. ಅದರಲ್ಲಿ ಇದ್ದದ್ದು ಎಗಾನ್ ಹೆಸರೊಂದೇ. ಹೆಡ್ವಿಗ್ ಅವನ ಮೂತಿಗೆ ಮುತ್ತಿಟ್ಟಳು. ಎಗಾನ್ ಮಗುವಿನಂತೆ ಅತ್ತುಬಿಟ್ಟ.

ಮುಂದಿನ ವರ್ಷ ನರಿ ಬಾಲಕ್ಕೆಲ್ಲ ರಾಡಿ ಮೆತ್ತಿಕೊಂಡು ಕೆಸರು ಮೈದಾನದಲ್ಲಿ ಆಡುತ್ತಿದ್ದ. ಆಟ ಬಿಟ್ಟ ಎಗಾನ್ ಪ್ರತಿ ಪಂದ್ಯಕ್ಕೂ ಅಲ್ಲಿಗೆ ಹೋಗಿ, ಗೋಲಿನ ಹಿಂದಿನ ಕೆಸರಿನಲ್ಲಿ ಹಾಯಾಗಿ ಹೊರಳುತ್ತಾ ಕೂಗುತ್ತಿದ್ದ, "ರೋಲ್ಫಣ್ಣ, ಸುಮ್ನೆ ಹಿಂದೆ ನಿಲ್ಬೇಡ, ಮುಂದೆ ಬಾ."

ನೀತಿ: ಹೊಗಳಿಕೆಗೆ ಮರುಳಾಗಿ ನಮ್ಮನ್ನು ನಂಬಿದವರ ಕೈಬಿಡಬಾರದು, ಇತರರನ್ನು ಮೋಸಗೊಳಿಸಲು ಹೂಡಿದ ಉಪಾಯ ಕೊನೆಗೆ ಹೂಡಿದವನನ್ನೇ ಸೋಲಿಸುತ್ತದೆ.