ಸಾತವ್ವನ ಮೊರ, ದೇಸಾಯಿಯ ಕಲ್ಲು

ಬಹಳ ಬಹಳ ಹಿಂದೆ ಒಂದು ಊರಿತ್ತು. ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ. ನಮ್ಮಜ್ಜಿ ಈ ಮಾತು ಹೇಳುವಾಗಲೂ ಬಹಳ ಹಿಂದೆ ಎಂದೇ ಹೇಳುತ್ತಿದ್ದಳು, ಅವಳಿಗೆ ಅವಳ ಅಜ್ಜಿಯೂ ಹಾಗೆಯೇ ಹೇಳಿದ್ದಳಂತೆ. ಆಗ ಹೊಳೆಗೆ ಸೇತುವೆ ಇರಲಿಲ್ಲ, ಹರಿಗೋಲು ಇತ್ತು. ಹೊಳೆಯ ಈಚೆ ದಂಡೆಯಲ್ಲಿ ಊರು, ಹೆಸರು ಕಡವಿನಹಾಳ. ಆ ಊರಿನಲ್ಲಿ ಸಾತವ್ವ ಎಂಬ ಸೂಲಗಿತ್ತಿ ಇದ್ದಳು.

ಸಾತವ್ವನ ಕೈ ತಗುಲಿದರೆ ಹೊಟ್ಟೆಯಲ್ಲಿ ಅಡ್ಡ ಮಲಗಿದ ಕೂಸೂ ನೆಟ್ಟಗಾಗುತ್ತಿತ್ತು ಅಂತಾರೆ. ಅವಳು ಹೆರಿಗೆ ಮಾಡಿಸಿದ ಕೂಸುಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಸಾಲು ಏಳು ಊರು ದಾಟುತ್ತಿತ್ತು ಅಂತಾರೆ. ಹೊಳೆ ತುಂಬಿ ಹರಿಗೋಲು ನಿಂತ ಒಂದು ದಿನ, ಆಚೆ ದಂಡೆಯಲ್ಲಿ ಒಬ್ಬಳು ನೋವು ತಿನ್ನುತ್ತಿದ್ದಾಳೆಂದು ಕೇಳಿ, ತನ್ನ ಮೊರವನ್ನೇ ನೀರಿಗೆ ಬಿಟ್ಟು ಅದರಲ್ಲಿ ಕೂತು ದಾಟಿದಳು ಅಂತಲೂ ಅಂತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ನಂಬುತ್ತೇನೆ.

ಆ ಕಾಲದಲ್ಲಿ ಹೆರಿಗೆಯಾದ ಮನೆಯಲ್ಲಿ ಪುರುಡು ಎಂದು ಹತ್ತು ದಿನ ಯಾರೂ ನೀರು ಮುಟ್ಟುತ್ತಿರಲಿಲ್ಲ. ಯಾರದೋ ಮೈಲಿಗೆ ನಮಗೇಕೆ ಎಂದು ದಾರಿಹೋಕ ಬಸುರಿಗೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಬುಟ್ಟಿ ಹೆಣೆಯುವವರ ಗುಂಪಿನ ಹೆಣ್ಣುಮಗಳೊಬ್ಬಳು ಹರಿಗೋಲು ಕಾಯುತ್ತ ಹುಣಸೆಮರದ ಕೆಳಗೇ ಹೆತ್ತಳು. ಸಾತವ್ವ ಓಡಿ ಬರುವಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಊರಲ್ಲಿ ನಲವತ್ತು ಮನೆ, ನಲವತ್ತು ಬಾಗಿಲು, ಒಂದೂ ತೆರೆದಿರಲಿಲ್ಲ. ಆ ಕೂಸನ್ನು ಮಣ್ಣು ಮಾಡಿದ ಸಾತವ್ವ ಮನೆಗೆ ಹೋಗಲಿಲ್ಲ. ಊರ ಹೊರಗಿನ ಪಾಳು ಕೊಟ್ಟಿಗೆಗೆ ಹೋದಳು, ಕಸ ಹೊಡೆದಳು, ಸಗಣಿ ಸಾರಿಸಿದಳು, ಒಲೆ ಹೂಡಿದಳು. ಯಾರೂ ಇಲ್ಲದವಳು ಇಲ್ಲಿಗೆ ಬರಲಿ, ಹೆರಲಿ, ಇಪ್ಪತ್ತೊಂದು ದಿನ ಬಾಣಂತನ ಮಾಡಿಸಿಕೊಂಡು ಮೈ ಗಟ್ಟಿಯಾದ ಮೇಲೆ ಹೋಗಲಿ ಎಂದಳು. ಜನ ಅದಕ್ಕೆ ಬಾಣಂತಿ ಮನೆ ಎಂದು ಹೆಸರಿಟ್ಟರು.

ಹೇಳಿದಷ್ಟು ಸುಲಭವೇ? ಬಾಣಂತಿಗೆ ಬಿಸಿ ರೊಟ್ಟಿ ಬೇಕು, ಬೆಲ್ಲ ಬೇಕು, ಮೈಗೆ ಎಣ್ಣೆ ಬೇಕು, ನೀರು ಕಾಸಲು ಕುಳ್ಳು ಬೇಕು. ಸಾತವ್ವನ ಹತ್ತಿರ ಇದ್ದದ್ದು ಎರಡು ಕೈ, ಒಂದು ಮೊರ. ಆ ಸೀಮೆಯಲ್ಲಿ ಹುಟ್ಟಿದ ಕೂಸನ್ನು ಮೊದಲು ತೊಟ್ಟಿಲಿಗೆ ಹಾಕುವುದಿಲ್ಲ. ಮೊರದಲ್ಲಿ ಜೋಳ ಹರವಿ, ಅದರ ಮೇಲೆ ಹಳೆಯ ಸೀರೆಯ ಚೂರು ಹಾಸಿ ಮಲಗಿಸುತ್ತಾರೆ. ಅನ್ನದ ಮೇಲೆ ಮಲಗಿದ ಕೂಸಿಗೆ ಅನ್ನ ತಪ್ಪುವುದಿಲ್ಲ ಎಂದು. ಸಾತವ್ವ ಆ ಮೊರವನ್ನೇ ಬಗಲಿಗಿಟ್ಟುಕೊಂಡು ಏಳು ಊರು ತಿರುಗತೊಡಗಿದಳು.

ಅವಳು ಕೇಳುವ ರೀತಿಯೇ ಬೇರೆ ಇತ್ತು ಅಂತಾರೆ. ಬಾಗಿಲಲ್ಲಿ ನಿಂತು ಕೂಗಿದವಳಲ್ಲ. ಒಳಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ಸೊಸೆಗೆ ಎಷ್ಟು ತಿಂಗಳು, ಅತ್ತೆಯ ಮೊಣಕಾಲು ಹೇಗಿದೆ, ಗಂಡನ ಮನೆಗೆ ಹೋದ ಮಗಳಿಂದ ಸುದ್ದಿ ಬಂತೇ, ಎಲ್ಲ ಕೇಳಿ, ಕೊನೆಗೆ ಏಳುವಾಗ ಮೊರ ಚಾಚುತ್ತಿದ್ದಳು. ಒಂದು ಮನೆಗೆ ಒಂದು ಬೊಗಸೆ. ಗೌಡರ ಮನೆಯಾದರೂ ಒಂದೇ ಬೊಗಸೆ, ಕೂಲಿಯವರ ಮನೆಯಾದರೂ ಒಂದೇ ಬೊಗಸೆ. ಎರಡನೆಯದು ಸುರಿಯಲು ಬಂದವರ ಕೈ ಹಿಡಿದು ತಡೆಯುತ್ತಿದ್ದಳು. ಮನೆಯಲ್ಲಿ ಕಾಳಿಲ್ಲ ಎಂದು ಯಾರಾದರೂ ತಲೆ ತಗ್ಗಿಸಿದರೆ, ಕಾಳು ಯಾರಿಗೆ ಬೇಕಾಗಿದೆ, ನನಗೆ ಇವತ್ತು ಎರಡು ಕುಳ್ಳು ಬೇಕು ಎಂದು ಕುಳ್ಳು ಎತ್ತಿಕೊಂಡು ಹೋಗುತ್ತಿದ್ದಳು. ಯಾವ ಬಡವರ ಮನೆಯಿಂದಲೂ ಬರಿಗೈಯಲ್ಲಿ ಹೋಗಿ ಆ ಮನೆಯವರನ್ನು ಸಣ್ಣವರನ್ನಾಗಿ ಮಾಡಲಿಲ್ಲ.

ಅದಕ್ಕಿಂತ ಮುಖ್ಯ ಇನ್ನೊಂದಿತ್ತು. ಬಾಣಂತಿ ಮನೆಯಲ್ಲಿ ಕೂಸು ಹುಟ್ಟಿದರೆ ಸಾತವ್ವ ಆ ಮೊರದ ಜೋಳ ಕೊಟ್ಟ ಮನೆಗಳಿಗೆಲ್ಲ ಮತ್ತೆ ಹೋಗುತ್ತಿದ್ದಳು. ಈ ಸಲ ಕೇಳಲಿಕ್ಕಲ್ಲ, ಹೇಳಲಿಕ್ಕೆ. ನಿಮ್ಮ ಜೋಳದ ಮೇಲೆ ಹೆಣ್ಣು ಕೂಸು ಮಲಗಿದೆ, ತಲೆತುಂಬ ಕೂದಲು, ತಾಯಿ ಎದ್ದು ರೊಟ್ಟಿ ತಿಂದಳು ಎಂದು ಹೇಳಿ, ಕೊಟ್ಟರೆ ಒಂದು ಲೋಟ ಮಜ್ಜಿಗೆ ಕುಡಿದು ಮುಂದಿನ ಮನೆಗೆ.

ಗಾಣದ ಶರಭಣ್ಣ ಎಂಬ ಜಿಪುಣನೊಬ್ಬನಿದ್ದ. ಒಂಬತ್ತು ಸಲ ಹೋದರೂ ಒಂದು ತೊಟ್ಟು ಎಣ್ಣೆ ಕೊಟ್ಟಿರಲಿಲ್ಲ. ಹತ್ತನೆಯ ಸಲ ಸಾತವ್ವ ಅವನ ಗಾಣದ ಮುಂದೆಯೇ ನಡೆದು ಪಕ್ಕದ ಮನೆಗೆ ಹೋಗಿ, ಆಚೆ ಊರಿನ ಎಣ್ಣೆ ತಿಕ್ಕಿದ ಮೇಲೆ ಕೂಸು ಹೇಗೆ ಮಿಂಚುತ್ತಿದೆ ಎಂದು ಅವನಿಗೆ ಕೇಳುವ ಹಾಗೆ ವರ್ಣಿಸಿದಳು. ಶರಭಣ್ಣನಿಗೆ ಮೈಯೆಲ್ಲ ಉರಿಯಿತು. ನನ್ನ ಗಾಣ ಇಲ್ಲಿರುವಾಗ ನಮ್ಮೂರ ಕೂಸಿಗೆ ಪರವೂರ ಎಣ್ಣೆಯೇ ಎಂದು ಕುಡಿಕೆ ಹಿಡಿದುಕೊಂಡು ಅವಳ ಹಿಂದೆ ಓಡಿದನಂತೆ. ಕೊಡದವನನ್ನು ಬೈದರೆ ಅವನು ಇನ್ನೂ ಗಟ್ಟಿಯಾಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.

ಹೀಗೆ ಬಹಳ ವರ್ಷ ನಡೆಯಿತು. ಸಾತವ್ವನ ಕೂದಲು ಬೆಳ್ಳಗಾಯಿತು, ಮೊಣಕಾಲು ಹಿಡಿಯತೊಡಗಿತು. ಆಗ ಆ ಸೀಮೆಯ ದೇಸಾಯಿ ಅವಳನ್ನು ವಾಡೆಗೆ ಕರೆಸಿದ. ದೇಸಾಯಿಯ ಹೆಸರೇನು ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ.

ನನ್ನ ಸೀಮೆಯಲ್ಲಿ ಒಬ್ಬ ಮುದುಕಿ ಮನೆ ಮನೆ ತಿರುಗಿ ಬೇಡುವುದು ನನ್ನ ವಾಡೆಗೆ ಅವಮಾನ ಎಂದನಂತೆ ದೇಸಾಯಿ. ಪ್ರತಿ ಅಮಾವಾಸ್ಯೆಗೆ ಒಂದು ಬಂಡಿ ಜೋಳ, ಬೆಲ್ಲ, ಎಣ್ಣೆ ಕಳಿಸುತ್ತೇನೆ, ಇನ್ನು ತಿರುಗುವುದು ಬೇಡ ಎಂದನಂತೆ. ಸಾತವ್ವ ಯೋಚಿಸಿದಳು. ಏಳು ಊರಿನ ಬಡವರ ಜೋಳದ ಹಗೇವಿಗೆ ಕೈ ಹಾಕುವುದು ತಪ್ಪುತ್ತದಲ್ಲ ಎಂದುಕೊಂಡಳು. ತನ್ನ ಮೊಣಕಾಲನ್ನೂ ನೆನೆದಳು. ಹೂಂ ಎಂದಳು.

ಅದೇ ಅವಳು ಮಾಡಿದ ತಪ್ಪು. ಆಗ ಅವಳಿಗೆ ಅದು ತಪ್ಪೆಂದು ಕಾಣಲೇ ಇಲ್ಲ. ಮೊರ ಗೂಟ ಸೇರಿತು, ಹೆರಿಗೆಗೆ ಮಾತ್ರ ಇಳಿಯುತ್ತಿತ್ತು. ಕೊಟ್ಟಿಗೆಗೆ ಹೆಂಚು ಬಂತು, ಗೋಡೆಗೆ ಸುಣ್ಣ ಬಂತು. ಬಾಗಿಲ ಮೇಲೆ ಒಂದು ಚಪ್ಪಡಿ ಕಲ್ಲು ಬಂತು, ಅದರಲ್ಲಿ ದೇಸಾಯಿಯ ಹೆಸರು ಕೆತ್ತಿತ್ತು. ಮೂರು ವರ್ಷ ಬಂಡಿ ತಪ್ಪದೆ ಬಂತು.

ನಾಲ್ಕನೆಯ ವರ್ಷ ಬಂಡಿಯ ಜೊತೆ ದೇಸಾಯಿಯ ಕಾರಭಾರಿ ಬಂದ. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ತುಂಬು ಬಸುರಿ ನಿಂತಿದ್ದಳು. ಹೆಸರು ಕೆಂಚಿ, ದೂರದ ಕಲ್ಲುಗಣಿಯಿಂದ ನಡೆದು ಬಂದವಳು, ಕಾಲು ಬಾತಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ. ಕಾರಭಾರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಬಾಗಿಲ ಮೇಲೆ ಧಣಿಯ ಹೆಸರಿದೆ, ಗಂಡನ ಹೆಸರು ಹೇಳಲಾರದವಳು ಆ ಹೆಸರಿನ ಕೆಳಗೆ ಹಾಯಬಾರದು, ಇದು ವಾಡೆಯ ಅಪ್ಪಣೆ ಎಂದ. ಇವಳು ಒಳಗೆ ಬಂದರೆ ಬಂಡಿ ವಾಪಸು ಎಂದ.

ಸಾತವ್ವ ಒಮ್ಮೆ ಬಂಡಿಯನ್ನು ನೋಡಿದಳು. ಒಳಗೆ ಮೂವರು ಬಾಣಂತಿಯರಿದ್ದರು, ಗಡಿಗೆಯಲ್ಲಿ ನಾಲ್ಕು ದಿನಕ್ಕಾಗುವಷ್ಟು ಜೋಳವಿತ್ತು. ಆಮೇಲೆ ಕೆಂಚಿಯ ಬಾತ ಕಾಲು ನೋಡಿದಳು. ಅವಳಿಗೆ ಹುಣಸೆಮರದ ಕೆಳಗಿನ ಆ ತಣ್ಣಗಿನ ಕೂಸು ನೆನಪಾಯಿತು.

"ಹೊಟ್ಟಿ ಹೊತ್ತು ಬಂದಾಕಿ ಹೊಸ್ತಿಲ ಮ್ಯಾಲ ನಿಂತಾಳ. ನಾ ಆಕಿ ಗಂಡನ ಹೆಸರು ಕೇಳ್ಕೋತ ಕುಂದ್ರಲೇನು? ಬಂಡಿ ತಿರುಗಿಸ್ರಿ. ನಿಮ್ಮ ಧಣಿಗೆ ಹೇಳ್ರಿ, ಸಾತವ್ವನ ಕಾಲು ಇನ್ನೂ ಮುರದಿಲ್ಲ ಅಂತ."

ಕೆಂಚಿಯ ಕೈ ಹಿಡಿದು ಒಳಗೆ ಕರೆದುಕೊಂಡಳು. ಬಂಡಿ ತಿರುಗಿ ಹೋಯಿತು. ಸಾತವ್ವ ಗೂಟದಿಂದ ಮೊರ ಇಳಿಸಿ, ಬಗಲಿಗಿಟ್ಟು, ಕುಂಟುತ್ತ ಹೊರಟಳು.

ಮೊದಲ ಮನೆ ಕುಂಬಾರ ಹೊನ್ನವ್ವನದು. ಹಿಂದೆ ಸಾತವ್ವ ಬಂದರೆ ಎದ್ದು ಕಂಬಳಿ ಹಾಸುತ್ತಿದ್ದವಳು ಈ ಸಲ ಗಡಿಗೆ ತಟ್ಟುವುದನ್ನು ನಿಲ್ಲಿಸಲಿಲ್ಲ. ಎರಡನೆಯ ಮನೆಯಲ್ಲೂ ಯಾರೂ ಏಳಲಿಲ್ಲ. ಹತ್ತು ಮನೆ, ಇಪ್ಪತ್ತು ಮನೆ, ಮೊರದಲ್ಲಿ ಒಂದು ಕಾಳು ಬೀಳಲಿಲ್ಲ. ದೇಸಾಯಿಗೆ ಹೆದರಿದ್ದಾರೆ ಎಂದುಕೊಂಡಳು ಸಾತವ್ವ. ಅವಳಿಗೆ ಸಿಟ್ಟು ಬಂತು. ಎರಡನೆಯ ದಿನ ಹೊನ್ನವ್ವನ ಮುಂದೆ ನಿಂತು ಕೇಳಿಯೇ ಬಿಟ್ಟಳು, ವಾಡೆಯ ಹೆದರಿಕೆಯೇ ಎಂದು.

ಹೊನ್ನವ್ವ ಕೈಯ ಮಣ್ಣು ಒರೆಸಿಕೊಂಡಳು.

"ಹೆದರಿಕಿ ಯಾರಿಗೈತಿ? ಮೂರು ವರ್ಷ ಆತಲ್ಲ ಅಕ್ಕಾ, ನೀ ನನ್ನ ಹೊಸ್ತಿಲಾ ತುಳೀಲಾರದ. ದೇಸಾಯಿ ಜ್ವಾಳ ಬಂದ ಮ್ಯಾಲ ನಮ್ಮ ಜ್ವಾಳಕ್ಕ ಹುಳಾ ಬಿತ್ತೇನು? ಗಂಡನ ಮನ್ಯಾಗ ನನ್ನ ಮಗಳು ಕೂಸು ಕಳಕೊಂಡ್ಲು. ಆ ಸುದ್ದೀನೂ ನಿನಗ ಗೊತ್ತಿಲ್ಲ."

ಸಾತವ್ವ ಬಡವರ ಭಾರ ಇಳಿಸಿದೆ ಎಂದುಕೊಂಡಿದ್ದಳು. ಅವರು ಅದನ್ನು ಭಾರ ಎಂದುಕೊಂಡಿರಲೇ ಇಲ್ಲ. ಅದು ಅವರ ಕೂಸು, ಅವರ ಮನೆ. ಅವರ ಕೈಯಿಂದ ಅದನ್ನು ಕಿತ್ತು ಒಂದು ಬಂಡಿಗೆ ಕಟ್ಟಿದವಳು ತಾನೇ. ಅಲ್ಲೇ ಕಟ್ಟೆಯ ಮೇಲೆ ಕೂತು, ತಪ್ಪಾಯಿತು ಎಂದು ಅತ್ತಳು. ಮೊರ ಚಾಚಲಿಲ್ಲ. ಹೊನ್ನವ್ವನ ಮಗಳ ಬಗ್ಗೆ ಕೇಳಿದಳು, ಪೂರ್ತಿ ಕೇಳಿಸಿಕೊಂಡಳು. ಅಲ್ಲಿಂದ ಎದ್ದು ಮನೆ ಮನೆಗೂ ಹೋಗಿ ಮೂರು ವರ್ಷದ ಸುಖದುಃಖ ಕೇಳಿದಳು. ಮೂರನೆಯ ದಿನವೂ ಅದೇ. ಎಲ್ಲೂ ಜೋಳ ಕೇಳಲಿಲ್ಲ. ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಗಡಿಗೆಯ ಕೊನೆಯ ಹಿಡಿ ಅಂಬಲಿಯಾಗಿ ಬಾಣಂತಿಯರ ಹೊಟ್ಟೆ ಸೇರಿತು. ಮಧ್ಯಾಹ್ನ ಕೆಂಚಿ ಹೆತ್ತಳು. ಗಂಡು ಕೂಸು. ಸಾತವ್ವ ಮೊರ ತೆಗೆದಳು, ಹರವಲು ಕಾಳಿರಲಿಲ್ಲ. ಬರೀ ಮೊರದ ಮೇಲೆ ಬಟ್ಟೆ ಹಾಸಿ ಮಲಗಿಸಿದಳು. ಎತ್ತಿಕೊಂಡಾಗ ಎಳೆಯ ಬೆನ್ನಿನ ಮೇಲೆ ಬಿದಿರಿನ ಗೆರೆ ಮೂಡಿತ್ತು. ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾವ ಕೂಸಿನ ಬೆನ್ನಿಗೂ ಆ ಗೆರೆ ಬಿದ್ದಿರಲಿಲ್ಲ.

ಕೂಸನ್ನು ತಾಯಿಯ ಮಗ್ಗುಲಿಗಿಟ್ಟು, ಮೊರ ಅಲ್ಲೇ ಬಿಟ್ಟು, ಬರಿಗೈಯಲ್ಲಿ ಹೊನ್ನವ್ವನ ಮನೆಗೆ ನಡೆದಳು. ಯಾವಾಗಲೂ ಹೇಳುವ ಹಾಗೆಯೇ ಸುದ್ದಿ ಹೇಳಿದಳು.

"ಗಂಡು ಕೂಸು, ಹೊನ್ನವ್ವಾ. ತಾಯಿ ಆರಾಮ ಅದಾಳ. ಕೂಸು ಬರೀ ಮೊರದಾಗ ಮಲಗೈತಿ."

ಹೊನ್ನವ್ವ ಒಳಗೆ ಹೋಗಿ ಒಂದು ಮುಚ್ಚಿದ ಗಡಿಗೆ ತಂದಳು. ಸಾತವ್ವ ಬರುತ್ತಾಳೆ ಎಂದು ಪ್ರತಿ ಸುಗ್ಗಿಗೆ ಒಂದೊಂದು ಬೊಗಸೆ ತೆಗೆದಿಟ್ಟಿದ್ದಳು, ಮೂರು ಸುಗ್ಗಿಗೆ ಮೂರು ಬೊಗಸೆ. ಎಲ್ಲ ತಗೋ ಎಂದು ಗಡಿಗೆ ಮುಂದಿಟ್ಟಳು. ಆಗ ಸಾತವ್ವ ಏನು ಮಾಡಿದಳು ಗೊತ್ತೇ? ಮನೆಯಲ್ಲಿ ನಾಲ್ಕು ಹಸಿದ ಹೊಟ್ಟೆ ಇಟ್ಟುಕೊಂಡು, ಸೆರಗು ಒಡ್ಡಿ, ಒಂದೇ ಬೊಗಸೆ ಹಾಕಿಸಿಕೊಂಡಳು. ಉಳಿದದ್ದಕ್ಕೆ ಮತ್ತೆ ಬರುತ್ತೇನೆ, ಇಟ್ಟಿರು ಎಂದಳು. ಮತ್ತೆ ಬರುತ್ತೇನೆ ಎಂದದ್ದೇ ತಡ, ಹೊನ್ನವ್ವ ಅಳುತ್ತ ನಗುತ್ತ ಕೆಸರುಗಾಲಲ್ಲೇ ಬೀದಿಗೆ ಓಡಿದಳು. ಕೂಸು ಬರೀ ಮೊರದಾಗ ಮಲಗೈತಂತ ಎಂದು ಮನೆ ಮನೆಗೆ ತಾನೇ ಕೂಗಿದಳು.

ಸಂಜೆಯೊಳಗೆ ಕಡವಿನಿಂದ ಬಾಣಂತಿ ಮನೆಯವರೆಗೆ ಹೆಂಗಸರ ಸಾಲು ನಿಂತಿತು ಅಂತಾರೆ. ಏಳೂರಿನವರೂ ಇದ್ದರು ಅಂತಾರೆ, ಅಂಬಿಗ ಹರಿಗೋಲಿಗೆ ಬಿಟ್ಟಿ ಹುಟ್ಟು ಹಾಕಿದ ಅಂತಾರೆ, ಶರಭಣ್ಣ ಕುಡಿಕೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ ಅಂತಾರೆ. ಒಬ್ಬೊಬ್ಬರು ಒಂದೊಂದೇ ಬೊಗಸೆ. ಎಷ್ಟು ಸುರಿದರೂ ಆ ಮೊರ ಚೆಲ್ಲಲಿಲ್ಲ ಅಂತಾರೆ. ಸಾಲಿನ ಕೊನೆಯಲ್ಲಿ ಮುಸುಕು ಹಾಕಿದ ಒಬ್ಬಳು ಬಂದಳು, ಕೈಯಲ್ಲಿ ಚಿನ್ನದ ಬಳೆ. ದೇಸಾಯಿಯ ಹೆಂಡತಿ. ಎರಡು ಬೊಗಸೆ ಸುರಿಯಹೋದ ಅವಳ ಕೈಯನ್ನೂ ಸಾತವ್ವ ಹಿಡಿದು ತಡೆದಳು.

ಮರುದಿನ ದೇಸಾಯಿ ತಾನೇ ಬಂದ. ಬೇಡುವುದು ನಿಲ್ಲಲಿ, ಬಂಡಿ ಮತ್ತೆ ಕಳಿಸುತ್ತೇನೆ, ಕಲ್ಲಿನ ಮೇಲೆ ಹೆಸರು ಹಾಗೇ ಇರಲಿ ಎಂದನಂತೆ. ಸಾತವ್ವ ನಕ್ಕಳಂತೆ. ಧಣಿಯರು ಕೊಡುವುದಾದರೆ ಕುದುರೆ ಇಳಿದು, ಸಾಲಿನಲ್ಲಿ ನಿಂತು, ತಮ್ಮ ಕೈಯಾರೆ ಒಂದು ಬೊಗಸೆ ಕೊಡಲಿ, ಕೂಸು ಹುಟ್ಟಿದಾಗ ವಾಡೆಗೂ ಬಂದು ಸುದ್ದಿ ಹೇಳುತ್ತೇನೆ, ಎಲ್ಲರಿಗೂ ಹೇಳುವಷ್ಟೇ ಎಂದಳಂತೆ. ದೇಸಾಯಿ ಕುದುರೆ ಇಳಿದ, ಬೊಗಸೆ ಕೊಟ್ಟ ಎಂದು ಕೆಲವರು ಹೇಳುತ್ತಾರೆ. ಹಾಗೆ ಹೇಳುವವರೆಲ್ಲ ವಾಡೆಯ ಕಡೆಯವರು. ಕುದುರೆ ತಿರುಗಿಸಿ ಹೋದ ಎಂದೇ ನಾನು ಕೇಳಿದ್ದು.

ಅವನು ಹೋದ ಮೇಲೆ ಸಾತವ್ವ ಬಾಗಿಲ ಮೇಲಿನ ಚಪ್ಪಡಿ ಕೀಳಿಸಿದಳು. ಒಳ್ಳೆಯ ಕಲ್ಲು, ಒಡೆಯುವುದೇಕೆ ಎಂದು, ಹೆಸರು ಕೆಳಗೆ ಮಾಡಿ ಬಚ್ಚಲಿಗೆ ಹಾಸಿದಳು.

ಸಾತವ್ವ ಹೋಗಿ ಎಷ್ಟೋ ತಲೆಮಾರು ಕಳೆಯಿತು. ಈಗಲೂ ಆ ಏಳು ಊರಿನಲ್ಲಿ ಹೊಸ ಜೋಳ ಹಗೇವಿಗೆ ಇಳಿಯುವ ಮೊದಲು ಒಂದು ಬೊಗಸೆ ಬಾಣಂತಿ ಮನೆಯ ಮೊರಕ್ಕೆ ಹೋಗುತ್ತದೆ. ಎರಡು ಬೊಗಸೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಕೂಸನ್ನು ಮೊರದಲ್ಲಿ ಮಲಗಿಸುವಾಗ ಹಿರಿಯಳೊಬ್ಬಳು "ಯಾರ ಜ್ವಾಳ?" ಎಂದು ಕೇಳುತ್ತಾಳೆ, ಉಳಿದವರು "ಎಲ್ಲಾರದು" ಎನ್ನುತ್ತಾರೆ. ಆಮೇಲೆ ಯಾರಾದರೊಬ್ಬಳು ಬಿಸಿಲೆನ್ನದೆ ಮನೆ ಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಬರುತ್ತಾಳೆ.

ಇನ್ನು ದೇಸಾಯಿಯ ಹೆಸರು. ಅದು ಎಲ್ಲಿಯೂ ಹೋಗಿಲ್ಲ, ಬಚ್ಚಲ ಕಲ್ಲಿನ ಕೆಳಗೇ ಇದೆ. ಹೆತ್ತವಳನ್ನು ಮೊದಲ ನೀರಿಗೆ ಆ ಕಲ್ಲಿನ ಮೇಲೆಯೇ ಕೂರಿಸುತ್ತಾರೆ, ಗಂಡನ ಹೆಸರು ಕೇಳದೆ. ಕಲ್ಲು ತಿರುವಿ ಓದಿ ನೋಡೋಣ ಎಂದು ಇವತ್ತಿನವರೆಗೆ ಯಾರೂ ಹೋಗಿಲ್ಲ. ಬಾಣಂತಿಯರಿಗೆ ಕೂರಲು ಕಲ್ಲು ಬೇಕಲ್ಲ.